ಹವಳದ ನಾಡಿ ಹಿಡಿದವರು

ಕೊಚ್ಚಿಯ ಬಂದರನ್ನು ಬಿಟ್ಟ ಹಡಗು ಇರುಳೆಲ್ಲ ಅರಬ್ಬೀ ಸಮುದ್ರದ ಮೇಲೆ ತೂಗುತ್ತ ಸಾಗಿ, ಮೂಡಣ ದಿಕ್ಕು ಕೆಂಪೇರುವ ಹೊತ್ತಿಗೆ ವೇಗವನ್ನು ತಗ್ಗಿಸುತ್ತದೆ. ಕಟಾಂಜನಕ್ಕೆ ಒರಗಿ ನಿಂತ ಪ್ರಯಾಣಿಕರ ಕಣ್ಣಿಗೆ ಮೊದಲು ಬೀಳುವುದು ನೆಲವಲ್ಲ. ನೀರಿನಿಂದಲೇ ಮೊಳೆತು ನಿಂತಂತೆ ತೋರುವ ತೆಂಗಿನ ಮರಗಳ ಸಾಲು. ಇನ್ನಷ್ಟು ಹತ್ತಿರ ಹೋದ ಮೇಲೆ ಆ ಮರಗಳ ಬುಡದಲ್ಲಿ ಬಿಳಿಯ ಮರಳಿನ ಒಂದು ತೆಳುವಾದ ಗೆರೆ ಕಾಣುತ್ತದೆ. ಅದೇ ಕವರತ್ತಿ, ಲಕ್ಷದ್ವೀಪದ ರಾಜಧಾನಿ.

ದ್ವೀಪದ ಮೂಡಣ ದಡದಲ್ಲಿ ಇಳಿದವನು ತೆಂಗಿನ ನೆರಳಿನಲ್ಲಿ ಪಡುವಣಕ್ಕೆ ನಡೆಯತೊಡಗಿದರೆ ಅರ್ಧ ಗಂಟೆಯೊಳಗೆ ನೆಲವೇ ಮುಗಿದುಹೋಗುತ್ತದೆ. ಆದರೆ ಅಲ್ಲಿ ಕಾಣುವ ನೋಟವನ್ನು ಒಮ್ಮೆ ಕಂಡವರು ಬಹುಕಾಲ ಮರೆಯಲಾರರು. ಕಣ್ಣೆದುರಿಗೆ ಪಚ್ಚೆಯನ್ನು ಕರಗಿಸಿ ಹೊಯ್ದಂತಹ ತಿಳಿನೀರಿನ ವಿಶಾಲವಾದ ಮಡು. ಇದನ್ನೇ ಲಗೂನು ಎಂದು ಕರೆಯುವುದು. ಅದರ ಆಚೆಯ ಅಂಚಿನಲ್ಲಿ, ಎಡಬಿಡದೆ ಏಳುವ ನೊರೆಯ ಬಿಳಿಯ ಸಾಲು. ಆ ಸಾಲಿನಾಚೆಗೆ ಕಡುನೀಲಿಯ ಆಳಗಡಲು. ಹೊರಗಡಲಿನ ತೆರೆಗಳು ಮುನ್ನುಗ್ಗಿ ಬಂದು ಆ ಬಿಳಿಯ ಸಾಲಿನ ಮೇಲೆ ಒಡೆದು ಪುಡಿಯಾಗುತ್ತವೆ. ಒಳಗಿನ ಮಡುವಿನಲ್ಲಿ ಮಕ್ಕಳು ನಿರ್ಭಯವಾಗಿ ಈಜಾಡುತ್ತಾರೆ. ತೆರೆಗಳನ್ನು ತಡೆಯುವ ಈ ಕೋಟೆಯನ್ನು ಕಟ್ಟಿದವನು ಯಾವ ದೊರೆಯೂ ಅಲ್ಲ. ಸಾಸಿವೆ ಕಾಳಿನಷ್ಟು, ಹೆಸರು ಕಾಳಿನಷ್ಟು ಗಾತ್ರದ ಅಸಂಖ್ಯಾತ ಜೀವಿಗಳು ಸಾವಿರಾರು ವರ್ಷ ದುಡಿದು ಅದನ್ನು ಕಟ್ಟಿವೆ. ಆ ಕೋಟೆಯ ಹೆಸರು ಹವಳದ ದಿಣ್ಣೆ.

ಇಂದು ಆ ಕೋಟೆಗೆ ರೋಗ ತಗಲಿದೆ. ರೋಗಿಯ ನಾಡಿಯನ್ನು ಹಿಡಿದು, ಕಾಲು ಶತಮಾನಕ್ಕೂ ಮಿಕ್ಕಿದ ಅವಧಿಯಿಂದ ಬಿಡದೆ ಲೆಕ್ಕವಿಡುತ್ತಿರುವ ಕೆಲವರ ಕಥೆಯೂ ಈ ದ್ವೀಪಗಳ ಕಥೆಯೊಡನೆ ಹೆಣೆದುಕೊಂಡಿದೆ.

ಮಂಗಳೂರಿನ ಹಳೆಯ ನಂಟು

ಕೇರಳದ ಕರೆಯಿಂದ ಸುಮಾರು 200ರಿಂದ 440 ಕಿಲೋಮೀಟರು ದೂರದಲ್ಲಿ ಚದುರಿ ಬಿದ್ದಿರುವ ಈ ದ್ವೀಪಗಳ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರು. ಅವುಗಳಲ್ಲಿ ಜನವಸತಿಯಿರುವುದು ಹತ್ತರಲ್ಲಿ ಮಾತ್ರ. 2011ರ ಜನಗಣತಿಯಂತೆ ಅಲ್ಲಿದ್ದವರು 64,000ಕ್ಕೆ ಸ್ವಲ್ಪ ಹೆಚ್ಚು ಮಂದಿ. ಆಡುವ ಮಾತು ಮಲೆಯಾಳದ ಒಂದು ಬಗೆ; ತೆಂಕಣ ತುದಿಯ ಮಿನಿಕೋಯ್ ದ್ವೀಪದಲ್ಲಿ ಮಾತ್ರ ಮಾಲ್ಡೀವ್ಸಿನ ಭಾಷೆಗೆ ಹತ್ತಿರವಾದ ಮಹಲ್.

ಕನ್ನಡ ನಾಡಿಗೂ ಈ ದ್ವೀಪಗಳಿಗೂ ಇದ್ದ ಹಳೆಯ ನಂಟು ಇಂದು ಬಹುಮಂದಿಗೆ ನೆನಪಿಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಬಡಗಣ ದ್ವೀಪಗಳ ಗುಂಪಿಗೆ ಅಮೀನ್‌ದಿವಿ ದ್ವೀಪಗಳೆಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇವು ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಭಾಗವಾಗಿ ಮಂಗಳೂರಿನಿಂದಲೇ ಆಳಲ್ಪಡುತ್ತಿದ್ದವು. ದ್ವೀಪದವರು ತಮ್ಮ ಓಡಂ ಎಂಬ ಹಾಯಿಹಡಗುಗಳಲ್ಲಿ ತೆಂಗಿನ ನಾರಿನ ಹುರಿಯನ್ನೂ ಕೊಬ್ಬರಿಯನ್ನೂ ಹೇರಿಕೊಂಡು ಮಂಗಳೂರಿಗೆ ಬರುವರು. ಅಕ್ಕಿಯನ್ನು ತುಂಬಿಕೊಂಡು ಹಿಂದಿರುಗುವರು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದುಗೂಡಿದ ದಿನವೇ, ಈ ದ್ವೀಪಗಳು ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರು ಬಂದಿತು. ಆಡಳಿತದ ನಂಟು ಕಡಿದರೂ ಸರಕಿನ ನಂಟು ಕಡಿಯಲಿಲ್ಲ. ಮಂಗಳೂರಿನ ಹಳೆಯ ಬಂದರಿನಿಂದ ತರಕಾರಿ, ದಿನಸಿ, ಮನೆ ಕಟ್ಟುವ ಸಾಮಗ್ರಿಗಳನ್ನು ಹೊತ್ತ ಮರದ ಹಡಗುಗಳು ಮುಂದೆಯೂ ಅಲ್ಲಿಗೆ ಹೋಗುತ್ತ ಬಂದವು.

ಮನೆ ಕಟ್ಟುವ ಜಲ್ಲಿಯನ್ನೂ ಹೊರಗಿನಿಂದ ತರಬೇಕೇ ಎಂದು ಓದುಗರಿಗೆ ಅಚ್ಚರಿಯೆನಿಸಬಹುದು. ಈ ದ್ವೀಪಗಳಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕಗ್ಗಲ್ಲಿನ ಬಂಡೆಯಿಲ್ಲ. ಇರುವುದೆಲ್ಲ ಹವಳ. ಕಾಲಡಿಯ ಮರಳು ಹವಳದ ಪುಡಿ. ಮರಳಿನ ಕೆಳಗಿನ ಕಲ್ಲು ಗಟ್ಟಿಯಾದ ಹವಳ. ನೆಲವು ಕಡಲಿನ ಮಟ್ಟಕ್ಕಿಂತ ಹೆಚ್ಚಿನ ಕಡೆಗಳಲ್ಲಿ ಒಂದೆರಡು ಮೀಟರು ಮಾತ್ರ ಎತ್ತರ.

ಹೂವೂ ಅಲ್ಲ, ಕಲ್ಲೂ ಅಲ್ಲ

ಸಂಸ್ಕೃತದ ಪ್ರವಾಳವೇ ಕನ್ನಡದಲ್ಲಿ ಹವಳವಾಯಿತು. ಚೆಲುವೆಯ ತುಟಿಯನ್ನು ಹವಳಕ್ಕೆ ಹೋಲಿಸಿ ನಮ್ಮ ಕವಿಗಳು ದಣಿಯಲಿಲ್ಲ. ನವರತ್ನಗಳಲ್ಲಿ ಅದಕ್ಕೊಂದು ಸ್ಥಾನ; ಮಂಗಳಗ್ರಹದ ದೋಷಕ್ಕೆ ಅದೊಂದು ಪರಿಹಾರ; ಅಜ್ಜಿಯ ಕೊರಳಿನ ಸರದಲ್ಲಿ ಕರಿಮಣಿಯ ನಡುವೆ ಅದರದೊಂದು ಗುಂಡು. ಆದರೆ ಆ ಕೆಂಪು ಹವಳವು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು. ದ್ವೀಪಗಳನ್ನು ಕಟ್ಟುವ ಹವಳ ಅದರ ದಾಯಾದಿಯಷ್ಟೆ.

ದಿಣ್ಣೆ ಕಟ್ಟುವ ಹವಳದ ಜೀವಿಗೆ ಪಾಲಿಪ್ ಎಂದು ಹೆಸರು. ಅದರ ಶರೀರವೆಂದರೆ ಒಂದು ಪುಟ್ಟ ಚೀಲ. ಚೀಲದ ಬಾಯಿಯ ಸುತ್ತ ಎಳೆಎಳೆಯಾದ ಕೈಗಳು. ಕಡಲನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ಅದು ತನ್ನ ಬುಡದಲ್ಲಿ ಕಲ್ಲಿನ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಒಂದರ ಮಗ್ಗುಲಲ್ಲಿ ಇನ್ನೊಂದು, ಹಳೆಯದರ ಮೇಲೆ ಹೊಸದು, ಹೀಗೆ ಸಂಸಾರ ಬೆಳೆದಂತೆಲ್ಲ ಕಲ್ಲೂ ಬೆಳೆಯುತ್ತದೆ. ಕೊಂಬೆ ಕೊಂಬೆಯಾಗಿ ಕವಲೊಡೆಯುವ ಅಕ್ರೊಪೋರ ಎಂಬ ಜಾತಿ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಬೆಳೆಯಬಲ್ಲುದು. ಗುಂಡುಕಲ್ಲಿನಂತೆ ಉಬ್ಬುವ ಪೊರೈಟಿಸ್ ವರ್ಷವೆಲ್ಲ ದುಡಿದು ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಆಳೆತ್ತರದ ಅಂತಹ ಗುಂಡು ಹುಟ್ಟಿದ ಕಾಲಕ್ಕೆ ಇಂದಿನವರ ಮುತ್ತಜ್ಜನೂ ಹುಟ್ಟಿರಲಿಕ್ಕಿಲ್ಲ.

ಈ ದುಡಿಮೆಗೆ ಬೇಕಾದ ಆಹಾರದ ಬಹುಭಾಗ ಒದಗುವ ಬಗೆ ಇನ್ನೂ ವಿಚಿತ್ರವಾದದ್ದು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯ ಕಣಗಳು ಬಿಡಾರ ಹೂಡಿರುತ್ತವೆ. ಬಿಸಿಲನ್ನು ಹಿಡಿದು ಅವು ಅಡುಗೆ ಮಾಡುತ್ತವೆ. ಮನೆಯೊಡೆಯನಿಗೆ ಅದರಲ್ಲಿ ಸಿಂಹಪಾಲು. ಹವಳಕ್ಕೆ ಕಂದು, ಹಸುರು, ಹಳದಿ ಛಾಯೆಗಳು ಬರುವುದೂ ಬಹುಮಟ್ಟಿಗೆ ಈ ಬಿಡಾರದವರಿಂದಲೇ.

ಅಗಾಧವಾದ ಕಡಲಿನ ನಡುವೆ, ಆಳ ಕಡಮೆಯಿರುವಲ್ಲಿ ಮಾತ್ರ ಬೆಳೆಯಬಲ್ಲ ಈ ಜೀವಿಗಳು ಉಂಗುರದಂತಹ ದ್ವೀಪಗಳನ್ನು ಕಟ್ಟಿದ್ದಾದರೂ ಹೇಗೆ? ಈ ಒಗಟಿಗೆ ಉತ್ತರ ಸೂಚಿಸಿದವನು ಚಾರ್ಲ್ಸ್ ಡಾರ್ವಿನ್. 1842ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಹೇಳಿದ್ದಿಷ್ಟು: ಮೊದಲು ಅಲ್ಲೊಂದು ಜ್ವಾಲಾಮುಖಿಯ ಪರ್ವತವಿದ್ದಿತು, ಅದರ ಸುತ್ತ ಹವಳ ಬೆಳೆಯಿತು, ಪರ್ವತ ಮೆಲ್ಲಮೆಲ್ಲನೆ ಕುಸಿದಂತೆಲ್ಲ ಹವಳ ಮೇಲುಮೇಲಕ್ಕೆ ಬೆಳೆದು ನೀರಿನ ಮಟ್ಟವನ್ನು ಬಿಟ್ಟುಕೊಡಲಿಲ್ಲ, ಕಡೆಗೆ ಪರ್ವತ ಮುಳುಗಿತು, ಹವಳದ ಉಂಗುರ ಉಳಿಯಿತು. 1952ರಲ್ಲಿ ಶಾಂತಸಾಗರದ ಎನಿವೆಟಾಕ್ ದ್ವೀಪದಲ್ಲಿ ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದಾಗ ಹವಳದ ಸುಣ್ಣಕಲ್ಲು ಮುಗಿದು ಜ್ವಾಲಾಮುಖಿಯ ಕಲ್ಲು ದೊರೆಯಿತು. ಡಾರ್ವಿನ್ನನ ಊಹೆ ನಿಜವಾಯಿತು. ಲಕ್ಷದ್ವೀಪದ ಕೆಳಗೆ ಹುದುಗಿರುವ ಪರ್ವತಶ್ರೇಣಿಯೂ ಅಂತಹದೇ. ಆರೂವರೆ ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಲಾವಾರಸವನ್ನು ಹರಿಸಿ, ಬೆಳಗಾವಿ ವಿಜಯಪುರಗಳ ಕಪ್ಪು ಕಲ್ಲನ್ನು ಹಾಸಿದ ಭೂಗರ್ಭದ ಬೆಂಕಿಯೇ ಈ ಶ್ರೇಣಿಯನ್ನೂ ಹುಟ್ಟಿಸಿತೆಂದು ಭೂವಿಜ್ಞಾನಿಗಳ ಅಭಿಪ್ರಾಯ.

ಡಾರ್ವಿನ್ ಹೇಳಿದುದರಲ್ಲಿ ದ್ವೀಪವಾಸಿಗಳ ಬದುಕಿಗೆ ತಾಕುವ ಒಂದು ಮಾತು ಅಡಗಿದೆ. ಹವಳ ಬೆಳೆಯುತ್ತಿರುವ ತನಕ ದ್ವೀಪ ಉಳಿಯುತ್ತದೆ. ಬೆಳವಣಿಗೆ ನಿಂತರೆ?

1998ರ ಬೇಸಗೆ

ಆ ಪ್ರಶ್ನೆ ಪುಸ್ತಕದಿಂದ ಹೊರಬಂದು ಕಣ್ಣೆದುರಿಗೆ ನಿಂತದ್ದು 1998ರಲ್ಲಿ. ಶಾಂತಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ಅತಿಯಾಗಿ ಕಾಯುವ ಎಲ್ ನಿನ್ಯೋ ಎಂಬ ವಿದ್ಯಮಾನ ಆ ಸಲ ವಿಪರೀತವಾಗಿ, ಹಿಂದೂ ಮಹಾಸಾಗರವನ್ನೂ ಕಾಯಿಸಿತು. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳು ಲಕ್ಷದ್ವೀಪದ ಕಡಲಿಗೆ ಹೇಗೂ ಕಡುಬೇಸಗೆ. ಆ ಬೇಸಗೆಯ ರೂಢಿಯ ಉಷ್ಣಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ, ಅದು ಕೆಲವು ವಾರ ಹಾಗೆಯೇ ನಿಂತರೂ ಹವಳ ತಾಳಲಾರದು.

ತಾಳಲಾರದಾಗ ಅದು ತನ್ನ ಮೈಯೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋದ ತೆಳುಚರ್ಮದ ಮೂಲಕ ಸುಣ್ಣದ ಎಲುಬು ಕಾಣತೊಡಗುತ್ತದೆ. ಕಡಲಿನ ತೋಟವೆಲ್ಲ ಇದ್ದಕ್ಕಿದ್ದಂತೆ ಹಿಮ ಸುರಿದಂತೆ ಬೆಳ್ಳಗಾಗುತ್ತದೆ. ನೋಡುವವರಿಗೆ ಅದೊಂದು ಸೊಬಗು. ಹವಳಕ್ಕೆ ಅದು ಉಪವಾಸದ ಆರಂಭ. ನೀರು ಬೇಗನೆ ತಂಪಾದರೆ ಪಾಚಿ ಮರಳಿ ಬಂದು ಹವಳ ಚೇತರಿಸಿಕೊಳ್ಳುತ್ತದೆ. ಆಗದಿದ್ದರೆ ಹಸಿವಿನಿಂದಲೇ ಸಾಯುತ್ತದೆ. 1998ರ ಆ ಒಂದು ಘಟನೆಯಲ್ಲಿ ಪ್ರಪಂಚದ ಹವಳದ ಸುಮಾರು ನೂರಕ್ಕೆ ಹದಿನಾರು ಪಾಲು ನಾಶವಾಯಿತೆಂದು ಅಂದಾಜು. ಲಕ್ಷದ್ವೀಪದ ದಿಣ್ಣೆಗಳ ಮೇಲೂ ಮೃತ್ಯುವಿನ ಕೈ ಬಲವಾಗಿಯೇ ಬಿದ್ದಿತು.

ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಸಂಸ್ಥೆಯ ವಿಜ್ಞಾನಿ ರೋಹನ್ ಆರ್ಥರ್ ಮತ್ತು ಅವರ ಸಂಗಡಿಗರ ಕೆಲಸಕ್ಕೆ ಮೊದಲಾದದ್ದು ಈ ಕಾಲದಲ್ಲಿ. ಸಮುದ್ರದಿಂದ ಬಹು ದೂರದಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಿನ ಊರಿನಲ್ಲಿ ನೆಲೆ ನಿಂತ ಸಂಸ್ಥೆಯೊಂದು ಕಡಲಿನ ರೋಗಿಯೊಬ್ಬನ ಶುಶ್ರೂಷೆಗೆ ನಿಂತದ್ದು ವಿಶೇಷವೇ ಸರಿ.

ಎಣಿಕೆಯೆಂಬ ತಪಸ್ಸು

ಅವರು ಮಾಡಿದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು: ಅದೇ ಸ್ಥಳಕ್ಕೆ ಮರಳಿ ಮರಳಿ ಹೋಗಿ, ಅದೇ ಬಗೆಯಲ್ಲಿ ಎಣಿಸುವುದು. ಅಗತ್ತಿ, ಕಡ್ಮತ್, ಕವರತ್ತಿ ಎಂಬ ಮೂರು ದ್ವೀಪಗಳ ದಿಣ್ಣೆಗಳನ್ನು ಅವರು ಆರಿಸಿಕೊಂಡರು. ಮುಂಗಾರಿನ ಹೊಡೆತಕ್ಕೆ ಎದೆಯೊಡ್ಡಿರುವ ಪಡುವಣ ಮಗ್ಗುಲು, ಅದರಿಂದ ಮರೆಯಾಗಿರುವ ಮೂಡಣ ಮಗ್ಗುಲು, ಮೇಲಿನ ಆಳ, ಕೆಳಗಿನ ಆಳ, ಇವೆಲ್ಲವೂ ಅವರ ಲೆಕ್ಕಕ್ಕೆ ಸೇರಿದವು.

ಇಂತಹ ಗಣತಿಯ ವಿಧಾನ ಪ್ರಪಂಚದಲ್ಲೆಲ್ಲ ಬಹುಮಟ್ಟಿಗೆ ಒಂದೇ. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಮುಳುಗುವವರು ದಿಣ್ಣೆಯ ಮೇಲೆ ಅಳತೆಯ ಪಟ್ಟಿಯೊಂದನ್ನು ನೇರವಾಗಿ ಹಾಸುತ್ತಾರೆ. ಪಟ್ಟಿಯ ಉದ್ದಕ್ಕೂ ಗೊತ್ತಾದ ಅಂತರದಲ್ಲಿ ಚೌಕಟ್ಟನ್ನಿಟ್ಟು, ಅದರೊಳಗೆ ಜೀವಂತ ಹವಳವೆಷ್ಟು, ಸತ್ತ ಹವಳವೆಷ್ಟು, ಪಾಚಿಯೆಷ್ಟು, ಮರಳೆಷ್ಟು ಎಂದು ನೋಡಿ ಬರೆದುಕೊಳ್ಳುತ್ತಾರೆ, ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ನೀರಿನಲ್ಲಿ ನೆನೆಯದ ಹಲಗೆಯ ಮೇಲೆ ಪೆನ್ಸಿಲಿನ ಬರಹ. ಮಾತಿಲ್ಲ, ಕೈಸನ್ನೆಯೇ ಭಾಷೆ. ಸಿಲಿಂಡರಿನ ಗಾಳಿ ಮುಗಿಯುವುದರೊಳಗೆ ಕೆಲಸ ಮುಗಿಯಬೇಕು. ಮುಂಗಾರು ತೊಡಗಿದರೆ ಕಡಲಿಗಿಳಿಯುವ ಮಾತೇ ಇಲ್ಲ. ಆದುದರಿಂದ ಕಡಲು ಶಾಂತವಾಗಿರುವ ತಿಂಗಳುಗಳಲ್ಲೇ ಎಲ್ಲವೂ ಆಗಬೇಕು. ಮುಂದಿನ ಸಲ ಮತ್ತೆ ಅದೇ ದಿಣ್ಣೆ, ಅದೇ ಪಟ್ಟಿ, ಅದೇ ಚೌಕಟ್ಟು.

ಇದರಲ್ಲಿ ಸಾಹಸದ ರೋಮಾಂಚನ ಕಡಮೆ, ಬೇಸರ ಹೆಚ್ಚು. ಕೊಡಗು ಮಲೆನಾಡುಗಳ ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕದ ಹಳೆಯ ಪುಸ್ತಕಗಳಿರುವುದುಂಟು. ಅಜ್ಜ ಬರೆದುದನ್ನು ಅಪ್ಪ ಮುಂದುವರಿಸಿ, ಅಪ್ಪನದನ್ನು ಮಗ ಮುಂದುವರಿಸಿರುತ್ತಾನೆ. ಒಂದು ದಿನದ ಅಂಕಿಯಿಂದ ಏನೂ ತಿಳಿಯದು. ಅರುವತ್ತು ವರ್ಷದ ಅಂಕಿಗಳನ್ನು ಸಾಲಾಗಿ ಇಟ್ಟಾಗ ನಾಡಿನ ಹವೆಯ ಚರಿತ್ರೆಯೇ ಅಲ್ಲಿ ಕಾಣುತ್ತದೆ. ಹವಳದ ಗಣತಿಯ ಮಹಿಮೆಯೂ ಇದೇ.

ಹಾಗಾದರೆ ದ್ವೀಪದ ಬೆಸ್ತರ ನೆನಪು ಸಾಲದೇ? ದಿನವೂ ಕಡಲನ್ನು ನೋಡುವವರಿಗಿಂತ ಹೆಚ್ಚು ಬಲ್ಲವರು ಯಾರು? ಅವರ ತಿಳಿವಳಿಕೆ ದೊಡ್ಡದು, ಸಂದೇಹವಿಲ್ಲ. ಆದರೆ ನೆನಪಿಗೆ ಒಂದು ದೌರ್ಬಲ್ಯವಿದೆ. ಪ್ರತಿಯೊಂದು ತಲೆಮಾರೂ ತಾನು ಬಾಲ್ಯದಲ್ಲಿ ಕಂಡುದನ್ನೇ ಸಹಜ ಸ್ಥಿತಿಯೆಂದು ಭಾವಿಸುತ್ತದೆ. ಅಜ್ಜನ ಕಾಲದ ಸಮೃದ್ಧಿ ಮೊಮ್ಮಗನಿಗೆ ಕಟ್ಟುಕಥೆಯಾಗಿ ತೋರುತ್ತದೆ. ಡೇನಿಯಲ್ ಪಾಲಿ ಎಂಬ ಮತ್ಸ್ಯವಿಜ್ಞಾನಿ 1995ರಲ್ಲಿ ಈ ಮರೆವಿನ ಕಡೆಗೆ ವಿದ್ವಾಂಸರ ಗಮನ ಸೆಳೆದನು. ವಿಜ್ಞಾನಿಗಳೂ ಇದಕ್ಕೆ ಹೊರತಲ್ಲವೆಂದನು. ಬರೆದಿಟ್ಟ ಅಂಕಿಗೆ ಮಾತ್ರ ಈ ಮರೆವಿಲ್ಲ.

ಬಿಳುಪೆಲ್ಲ ಒಂದೇ ಅಲ್ಲ

ವೈದ್ಯನಿಗೆ ಜ್ವರವೊಂದೇ ರೋಗದ ಗುರುತಲ್ಲ. ಜ್ವರದ ಹಿಂದೆ ನೂರು ಕಾರಣಗಳಿರಬಹುದು. ಹವಳದ ಮೇಲಿನ ಬಿಳುಪೂ ಹಾಗೆಯೇ. ಕಾವಿನಿಂದ ಬಿಳಿಚಿದ ಹವಳದಲ್ಲಿ ಚರ್ಮವಿರುತ್ತದೆ, ಜೀವವಿರುತ್ತದೆ. ಬಣ್ಣ ಮಾತ್ರ ಇರುವುದಿಲ್ಲ. ಮೈತುಂಬ ಮುಳ್ಳಿರುವ, ಮುಳ್ಳಿನ ಕಿರೀಟವೆಂದು ಹೆಸರಾದ ನಕ್ಷತ್ರಮೀನು ಹವಳದ ಮಾಂಸವನ್ನು ತಿಂದು ಮುಂದೆ ಹೋದರೆ ಅಲ್ಲಿಯೂ ಬಿಳಿಯ ಗಾಯ ಉಳಿಯುತ್ತದೆ. ಅಲ್ಲಿ ಚರ್ಮವೇ ಇಲ್ಲ. ಗಿಳಿಮೀನು ಕೊಕ್ಕಿನಂತಹ ಬಾಯಿಯಿಂದ ಕೆರೆದ ಗುರುತೂ ಬಿಳಿಯದೇ. ಅದು ಸಣ್ಣ ಗಾಯ.

ಇವುಗಳ ಜೊತೆಗೆ ನಿಜವಾದ ರೋಗಗಳು ಬೇರೆ. ಕಪ್ಪು ಪಟ್ಟಿಯ ರೋಗವೆಂಬುದೊಂದು. ಸೂಕ್ಷ್ಮಜೀವಿಗಳ ಒಂದು ಕಪ್ಪು ಪಟ್ಟಿ ದಿನಕ್ಕೆ ಕೆಲವು ಮಿಲಿಮೀಟರಿನಂತೆ ಹವಳದ ಮೇಲೆ ಸರಿಯುತ್ತ ಹೋಗುತ್ತದೆ. ಪಟ್ಟಿಯ ಮುಂದೆ ಜೀವಂತ ಹವಳ. ಪಟ್ಟಿಯ ಹಿಂದೆ ಬೆತ್ತಲೆ ಎಲುಬು. 1970ರ ದಶಕದಲ್ಲಿ ಇದನ್ನು ಮೊದಲು ಗುರುತಿಸಿದ್ದು ಅಟ್ಲಾಂಟಿಕದ ಕಡೆಯ ಹವಳಗಳಲ್ಲಿ. ಕಪ್ಪು ಪಟ್ಟಿಯಿಲ್ಲದೆಯೇ ಮಾಂಸ ಕಳಚುತ್ತ ಹೋಗುವ ಬಿಳಿಯ ರೋಗಗಳು ಇನ್ನೂ ಕೆಲವು. ಕಾವಿನಿಂದ ಬಳಲಿದ ಹವಳಕ್ಕೆ ಇಂತಹ ರೋಗಗಳು ಸುಲಭವಾಗಿ ಅಂಟುವುದುಂಟು. ಉಪವಾಸದಿಂದ ಸೊರಗಿದವನಿಗೆ ನೆಗಡಿಯೂ ಕಂಟಕವಾಗುವಂತೆ.

ಒಮ್ಮೆ ಮಾತ್ರ ಬಂದು ನೋಡಿ ಹೋಗುವವನು ಈ ಬಿಳುಪುಗಳ ಮುಂದೆ ದಿಕ್ಕುಗೆಡುತ್ತಾನೆ. ಇಂದು ಬೆಳ್ಳಗಿರುವ ಹವಳ ಎರಡು ತಿಂಗಳ ಮೇಲೆ ಮತ್ತೆ ಕಂದಾಗಿರಬಹುದು. ಇಲ್ಲವೆ ಪಾಚಿ ಕವಿದ ಶವವಾಗಿರಬಹುದು. ಯಾವುದಾಯಿತೆಂದು ತಿಳಿಯಬೇಕಾದರೆ ಹಿಂದಿರುಗಿ ಹೋಗಲೇಬೇಕು.

ಹಿಂದಿನ ಲೆಕ್ಕದ ಬೆಲೆಯೇನೆಂಬುದಕ್ಕೆ ಭೂಗೋಲದ ಆಚೆ ಬದಿಯ ಒಂದು ನಿದರ್ಶನವಿದೆ. ಅಮೆರಿಕದ ಫ್ಲಾರಿಡ ಪ್ರಾಂತ್ಯದ ದ್ವೀಪಸಾಲಿನ ದಿಣ್ಣೆಗಳ ಗಣತಿ 1996ರಿಂದಲೂ ನಡೆದುಬಂದಿದೆ. 2014ರಲ್ಲಿ ಅಲ್ಲಿನ ಮಯಾಮಿ ನಗರದ ಬಳಿ ಹೊಸದೊಂದು ರೋಗ ತಲೆದೋರಿತು. ಇಪ್ಪತ್ತಕ್ಕೂ ಹೆಚ್ಚು ಜಾತಿಯ ಹವಳಗಳ ಮಾಂಸ ಕಳಚತೊಡಗಿತು. ನೂರಾರು ವರ್ಷ ಬಾಳಿದ ಗುಂಡುಗಳು ಕೆಲವೇ ವಾರಗಳಲ್ಲಿ ಸತ್ತವು. ಮುಂದೆ ಅದು ಕೆರಿಬಿಯನ್ ಸಮುದ್ರದ ಹಲವು ದೇಶಗಳಿಗೆ ಹಬ್ಬಿತು. ಮೊದಲಿನ ಸ್ಥಿತಿಯ ದಾಖಲೆ ಇದ್ದುದರಿಂದಲೇ, ಯಾವ ಜಾತಿ ಎಷ್ಟು ಕಳೆದುಹೋಯಿತೆಂಬುದು ಖಚಿತವಾಗಿ ತಿಳಿಯಿತು. ಮುಳುಗುಗಾರರು ಗಾಯದ ಅಂಚಿಗೆ ಅಮಾಕ್ಸಿಸಿಲಿನ್ ಬೆರೆಸಿದ ಲೇಪವನ್ನು ಕೈಯಿಂದ ಮೆತ್ತಿದರು. ನಮ್ಮ ಮನೆಗಳಲ್ಲಿ ಮಕ್ಕಳ ಗಂಟಲುನೋವಿಗೆ ಕೊಡುವ ಮದ್ದೇ ಅದು. ರೋಗ ತಗಲದ ಹವಳಗಳನ್ನು ಕಿತ್ತು ತಂದು ನೆಲದ ಮೇಲಿನ ತೊಟ್ಟಿಗಳಲ್ಲಿ ಬೀಜಕ್ಕೆಂಬಂತೆ ಕಾಪಾಡಿದರು. ಮದ್ದಿನಿಂದ ಕೆಲವು ಗುಂಡುಗಳು ಉಳಿದವು. ರೋಗ ಮಾತ್ರ ನಿಲ್ಲಲಿಲ್ಲ.

ಇಪ್ಪತ್ತನಾಲ್ಕು ವರ್ಷ ನುಡಿದುದು

ಮತ್ತೆ ಲಕ್ಷದ್ವೀಪಕ್ಕೆ ಬರೋಣ. 1998ರ ಮಾರಿಯ ನಂತರ ಮೊದಲ ಐದು ವರ್ಷಗಳಲ್ಲಿ ಗಣತಿ ಒಂದು ಸೋಜಿಗವನ್ನು ತೋರಿಸಿತು. ಮುಂಗಾರಿನ ಹೊಡೆತವನ್ನು ತಿನ್ನುವ ಪಡುವಣ ಮಗ್ಗುಲಿನಲ್ಲಿ ಹವಳ ಚೆನ್ನಾಗಿ ಚಿಗುರಿತು. ಮರೆಯಲ್ಲಿದ್ದ ಮೂಡಣ ಮಗ್ಗುಲಿನಲ್ಲಿ ಚೇತರಿಕೆ ಬಹಳ ಅಲ್ಪ. ನೀರಿನ ಓಟ ಎಲ್ಲಿ ಹೇಗಿದೆಯೋ ಅದಕ್ಕೆ ತಕ್ಕಂತೆ ಮರಿಹವಳಗಳ ಅಳಿವು ಉಳಿವು. ಒಂದೇ ದ್ವೀಪದ ಎರಡು ಮಗ್ಗುಲಿಗೂ ಒಂದೇ ಭವಿಷ್ಯವಿಲ್ಲವೆಂಬುದು ಎಣಿಸದೆ ತಿಳಿಯುತ್ತಿರಲಿಲ್ಲ.

ಇನ್ನೊಂದು ಸಮಾಧಾನದ ಸಂಗತಿಯೂ ಕಂಡಿತು. ಪ್ರಪಂಚದ ಎಷ್ಟೋ ಕಡೆ ಹವಳ ಸತ್ತ ಜಾಗವನ್ನು ಎತ್ತರದ ಕಡಲಪಾಚಿ ಆಕ್ರಮಿಸಿ, ಹೊಸ ಹವಳಕ್ಕೆ ಬಾಗಿಲು ಮುಚ್ಚಿಬಿಟ್ಟಿತ್ತು. ಲಕ್ಷದ್ವೀಪದಲ್ಲಿ ಹಾಗಾಗಲಿಲ್ಲ. ಪಾಚಿಯನ್ನು ಮೇಯುವ ಗಿಳಿಮೀನು ಮುಂತಾದವು ದಿಣ್ಣೆಯಲ್ಲಿ ಹೇರಳವಾಗಿದ್ದುದು ಇದಕ್ಕೆ ನೆರವಾಯಿತು. ಅವು ಉಳಿದುದಕ್ಕೆ ಕಾರಣ ದ್ವೀಪದವರ ಬೆಸ್ತತನದ ರೀತಿಯೇ. ಮಿನಿಕೋಯ್ ದ್ವೀಪದ ಹಳೆಯ ಪದ್ಧತಿಯಂತೆ, ಲಗೂನಿನಲ್ಲಿ ಹಿಡಿದ ಪುಟ್ಟ ಮೀನುಗಳನ್ನು ಜೀವಂತವಾಗಿ ಎರಚಿ, ಹೊರಗಡಲಿನ ಟ್ಯೂನ ಮೀನನ್ನು ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುವುದು ಅಲ್ಲಿ ಮುಖ್ಯ ಕಸುಬು. 1960ರ ದಶಕದಿಂದೀಚೆಗೆ ಯಂತ್ರದ ದೋಣಿಗಳೊಡನೆ ಇದು ಇತರ ದ್ವೀಪಗಳಿಗೂ ಹರಡಿತು. ಆದುದರಿಂದ ದಿಣ್ಣೆಯ ಮೀನುಗಳ ಮೇಲೆ ಬಲೆ ಹೆಚ್ಚು ಬೀಳಲಿಲ್ಲ. ಕಡಲಿನ ಆರೋಗ್ಯಕ್ಕೂ ಜನರ ಊಟದ ತಟ್ಟೆಗೂ ಇರುವ ನಂಟು ಇಂತಹದು. ಈಚಿನ ವರ್ಷಗಳಲ್ಲಿ ದಿಣ್ಣೆಯ ಮೀನಿಗೂ ಬೇಡಿಕೆ ಬೆಳೆಯುತ್ತಿರುವುದು ಯೋಚಿಸಬೇಕಾದ ವಿಷಯ.

2010ರಲ್ಲಿ ಕಡಲು ಮತ್ತೆ ಕಾಯಿತು, 2016ರಲ್ಲಿ ಮಗುದೊಮ್ಮೆ. ಪ್ರತಿ ಸಲವೂ ಮುಳುಗುಗಾರರು ಪಟ್ಟಿ ಹಿಡಿದು ಇಳಿದರು. 1998ರಿಂದ 2022ರವರೆಗಿನ ಇಪ್ಪತ್ತನಾಲ್ಕು ವರ್ಷದ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ದೊರೆತ ಉತ್ತರ ಕಠೋರವಾಗಿತ್ತು. 1998ರಲ್ಲಿ ದಿಣ್ಣೆಯ ಮೇಲ್ಮೈಯ ಸುಮಾರು ನೂರಕ್ಕೆ 37 ಪಾಲನ್ನು ಜೀವಂತ ಹವಳ ಹೊದಿಸಿದ್ದಿತು. 2022ರಲ್ಲಿ ಅದು ನೂರಕ್ಕೆ 20ಕ್ಕಿಂತಲೂ ಕೆಳಗಿಳಿದಿತ್ತು. ಹೆಚ್ಚುಕಡಮೆ ಅರ್ಧ ಕೋಟೆ ಕರಗಿತ್ತು.

ಅಂಕಿಗಳೊಳಗೆ ಇನ್ನೂ ಒಂದು ಮಾತು ಅಡಗಿತ್ತು. ಎರಡನೆಯ ಸಲ ಕಾವೇರಿದಾಗ ಮೊದಲ ಸಲದಷ್ಟು ಹವಳ ಸಾಯಲಿಲ್ಲ. ಮೂರನೆಯ ಸಲ ಇನ್ನೂ ಕಡಮೆ. ಇದನ್ನಷ್ಟೇ ಕೇಳಿದವರು ಹವಳ ಗಟ್ಟಿಯಾಯಿತೆಂದು ಸಂತೋಷಪಡಬಹುದು. ಆದರೆ ಪ್ರತಿ ಸಲದ ಚೇತರಿಕೆಯೂ ಹಿಂದಿನದಕ್ಕಿಂತ ನಿಧಾನವಾಗಿತ್ತು. ಬೇಗ ಬೆಳೆಯುವ, ಬೇಗ ಸಾಯುವ ಕೊಂಬೆಯ ಜಾತಿಗಳು ಕಡಮೆಯಾಗಿ, ತಾಳಿಕೆಯುಳ್ಳ ನಿಧಾನದ ಜಾತಿಗಳ ಪಾಲು ಹೆಚ್ಚಿತ್ತು. ಸಾಯಲು ಉಳಿದವರೇ ಕಡಮೆಯಾದಾಗ ಸಾವೂ ಕಡಮೆಯೇ ತಾನೆ? ಕಾವಿಲ್ಲದ ಸುಮಾರು ಆರು ವರ್ಷಗಳ ಬಿಡುವು ಸಿಕ್ಕ ಮೇಲಷ್ಟೇ ಚೇತರಿಕೆ ಚುರುಕಾಗುತ್ತದೆಂದೂ ಲೆಕ್ಕ ಹೇಳಿತು. ಮೊದಲ ಎರಡು ಘಟನೆಗಳ ನಡುವೆ ಹನ್ನೆರಡು ವರ್ಷದ ಬಿಡುವಿತ್ತು. ಅನಂತರದ ಎರಡರ ನಡುವೆ ಆರೇ ವರ್ಷ. ಚೇತರಿಕೆ ಚುರುಕಾಗಬೇಕಾದ ಹೊತ್ತಿಗೆ ಮತ್ತೆ ಪೆಟ್ಟು ಬಿದ್ದಿತ್ತು.

ಅದಾದ ಮೇಲೆ 2024ರ ಬೇಸಗೆ ಬಂದಿತು. ಪ್ರಪಂಚದ ಹವಳಕ್ಕೆ ನಾಲ್ಕನೆಯ ಸಾರ್ವತ್ರಿಕ ಸಂಕಟ ಒದಗಿದೆಯೆಂದು ಆ ಏಪ್ರಿಲಿನಲ್ಲಿ ಘೋಷಿತವಾಯಿತು. ಮೇ ತಿಂಗಳಲ್ಲಿ ಕೊಚ್ಚಿಯ ಕೇಂದ್ರ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಲಕ್ಷದ್ವೀಪದ ಹವಳ ಮತ್ತೆ ತೀವ್ರವಾಗಿ ಬಿಳಿಚಿರುವುದನ್ನು ವರದಿ ಮಾಡಿದರು.

ನೆಲದ ಋಣ

ಹವಳ ಅರ್ಧವಾದರೇನು, ಮೀನು ಕಡಮೆಯಾದರೇನು, ಎಂದು ಬೆಂಗಳೂರಿನ ಮನೆಯಲ್ಲಿ ಕುಳಿತು ಕೇಳುವುದು ಸುಲಭ. ಕವರತ್ತಿಯ ಪಡುವಣ ದಡದಲ್ಲಿ ನಿಂತವನಿಗೆ ಆ ಪ್ರಶ್ನೆ ಏಳುವುದಿಲ್ಲ. ಹವಳದ ದಿಣ್ಣೆಗಳು ಸರಾಸರಿಯಾಗಿ ತೆರೆಗಳ ಬಲದ ನೂರಕ್ಕೆ 97 ಪಾಲನ್ನು ತಡೆದು ಕುಗ್ಗಿಸುತ್ತವೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಸತ್ತ ದಿಣ್ಣೆ ಒಡನೆಯೇ ಬೀಳುವುದಿಲ್ಲ. ಆದರೆ ಹೊಸ ಸುಣ್ಣ ಸೇರದ ಗೋಡೆಯನ್ನು ಕೊರೆಯುವ ಜೀವಿಗಳೂ ತೆರೆಗಳೂ ದಿನದಿನಕ್ಕೆ ಸವೆಯಿಸುತ್ತವೆ. ಮೇಲಾಗಿ ಕಡಲಿನ ಮಟ್ಟ ಏರುತ್ತಿದೆ. ತೆರೆ ಒಳನುಗ್ಗಿದರೆ ದಡ ಕರಗುತ್ತದೆ. ಮರಳಿನ ಕೆಳಗೆ ಮಳೆಯಿಂದ ಸಂಗ್ರಹವಾದ ತೆಳ್ಳನೆಯ ಸಿಹಿನೀರಿನ ಪದರ ಉಪ್ಪಾಗುತ್ತದೆ. ದ್ವೀಪದ ಬಾವಿಗಳ ಜೀವಾಳ ಆ ಪದರವೇ.

ಬಂಗಾರಂ ಹವಳದ ಉಂಗುರದಲ್ಲಿ ಪರಳಿ ಎಂಬ ಪುಟ್ಟ ನಿರ್ಜನ ದ್ವೀಪಗಳಿದ್ದವು. ಅವುಗಳಲ್ಲೊಂದು 1968ರಲ್ಲಿ ಮೂರು ಹೆಕ್ಟೇರಿಗೆ ಸ್ವಲ್ಪ ಹೆಚ್ಚು ವಿಸ್ತಾರವಾಗಿತ್ತು. 2017ರಲ್ಲಿ ಬೆಳಕಿಗೆ ಬಂದ ಅಧ್ಯಯನ ಅದು ಪೂರ್ತಿಯಾಗಿ ಸವೆದು ನೀರಿನ ಪಾಲಾಗಿರುವುದನ್ನು ತಿಳಿಸಿತು. ಅಲ್ಲಿ ಮನೆಗಳಿರಲಿಲ್ಲ, ಆದುದರಿಂದ ಅಳುವವರೂ ಇರಲಿಲ್ಲ.

ಮುಳುಗುಗಾರರ ಪಟ್ಟಿಯೂ ಪೆನ್ಸಿಲೂ ಕಡಲನ್ನು ತಂಪಾಗಿಸಲಾರವು. ಕಡಲು ಕಾಯುವುದಕ್ಕೆ ಕಾರಣವಾದ ಕಲ್ಲಿದ್ದಲಿನ, ಎಣ್ಣೆಯ ಹೊಗೆ ಎದ್ದದ್ದು ಈ ದ್ವೀಪಗಳಿಂದಲ್ಲ. ಬಹು ದೂರದ ಕಾರ್ಖಾನೆಗಳಿಂದ, ವಿದ್ಯುದಾಗಾರಗಳಿಂದ, ನಗರದ ಬೀದಿಗಳ ವಾಹನಗಳಿಂದ. ಅದರ ಹೊಣೆಯಲ್ಲಿ ಮಹಾನಗರಗಳ ನಿವಾಸಿಗಳಿಗೂ ಒಂದು ಪಾಲಿದೆ. ಆದರೆ ಎಲ್ಲಿ ಹವಳ ತಾನಾಗಿ ಚಿಗುರುತ್ತಿದೆ, ಎಲ್ಲಿ ಮೀನಿಗೆ ಬಿಡುವು ಕೊಡಬೇಕು, ಎಲ್ಲಿ ಲಗೂನನ್ನು ಅಗೆಯಬಾರದು, ಎಲ್ಲಿ ಕಟ್ಟಡ ಏಳಬಾರದು ಎಂಬುದನ್ನು ಆ ಪಟ್ಟಿಯೂ ಪೆನ್ಸಿಲೂ ಹೇಳಬಲ್ಲವು. ನಾಡಿ ಹಿಡಿದವನೇ ಮದ್ದು ಕೊಡಬಲ್ಲವನಾಗಿರಬೇಕೆಂದಿಲ್ಲ. ಆದರೆ ನಾಡಿ ನೋಡದೆ ಮದ್ದು ಕೊಟ್ಟು ಪ್ರಯೋಜನವಿಲ್ಲ.

ಸಂಜೆಯ ಹೊತ್ತು ಪಡುವಣ ದಡದ ಮರಳಿನಲ್ಲಿ ಕುಟುಂಬಗಳು ಬಂದು ಕೂಡುತ್ತವೆ. ಹೆಂಗಸರು ಮಾತಿಗೆ ತೊಡಗುತ್ತಾರೆ. ಹುಡುಗರು ಇಳಿತದ ನೀರಿನಲ್ಲಿ ಓಡಾಡುತ್ತಾರೆ. ಸೂರ್ಯ ಮುಳುಗಿ, ಲಗೂನಿನ ಪಚ್ಚೆ ಮಸುಕಾಗಿ, ದೂರದ ಬಿಳಿಯ ಗೆರೆ ಕತ್ತಲಿನಲ್ಲಿ ಕರಗುತ್ತದೆ. ಆದರೆ ಅದರ ಮೊರೆತ ಕೇಳುತ್ತಲೇ ಇರುತ್ತದೆ. ದ್ವೀಪದ ಮಕ್ಕಳು ಹುಟ್ಟಿದಂದಿನಿಂದ ಆ ಸದ್ದನ್ನು ಕೇಳುತ್ತಲೇ ನಿದ್ದೆಹೋಗುತ್ತಾರೆ. ತೆರೆ ದೂರದಲ್ಲಿ ಒಡೆಯುತ್ತಿದೆ, ಮನೆಯ ಬಾಗಿಲಿಗೆ ಬಂದಿಲ್ಲ ಎಂಬುದಕ್ಕೆ ಆ ಸದ್ದೇ ಸಾಕ್ಷಿ. ಅದು ದೂರದಲ್ಲಿಯೇ ಉಳಿಯುವುದೇ ಎಂದು ತಿಳಿಯಲು, ಕಡಲು ಶಾಂತವಾದ ಮೇಲೆ, ಅಳತೆಯ ಪಟ್ಟಿ ಹಿಡಿದವರು ಮತ್ತೆ ಅದೇ ಸ್ಥಳದಲ್ಲಿ ಮುಳುಗುತ್ತಾರೆ.